ಕಲ್ಯಾಣದ ಎರಡು ಕಥನಗಳು: ಸಿದ್ಧಯ್ಯ ಪುರಾಣಿಕರ ಚರಿತ್ರಗ್ರಂಥವೂ ಕಾದಂಬರಿಯೂ



ಪುರಾಣಶ್ರವಣವು ಈ ಸೀಮೆಯ ಮಠಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಪದ್ಧತಿಯು. ಶ್ರಾವಣಮಾಸವು ಬಂದಿತೆಂದರೆ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಒಕ್ಕಲುಮಕ್ಕಳು ಹೊಲದ ಕೆಲಸ ತೀರಿಸಿಕೊಂಡು, ವಾಡಿಯ ಸಿಮೆಂಟಿನ ಕಾರ್ಖಾನೆಯವರೂ ಶಹಾಬಾದಿನ ಕಲ್ಲುಗಣಿಯವರೂ ತಂತಮ್ಮ ದುಡಿಮೆ ಮುಗಿಸಿಕೊಂಡು, ಸಂಜೆಗೆ ಮಠದ ಅಂಗಳದಲ್ಲಿ ಬಂದು ಕೂಡುವರು. ಪುರಾಣಿಕರು ಒಂದು ಪದ್ಯವನ್ನೋದಿ ಅರ್ಥ ಹೇಳುವರು. ಗವಾಯಿಗಳು ಅದಕ್ಕೆ ತಕ್ಕ ವಚನವನ್ನು ಹಾಡುವರು. ತಾಯಂದಿರು ತೊಟ್ಟಿಲ ಕಟ್ಟಿ ಶರಣರಿಗೆ ಜೋಗುಳ ಹಾಡುವರು. ಹೀಗೆ ಓದುಬಾರದವರ ಕಿವಿಗೂ ಬಸವಾದಿ ಪ್ರಮಥರ ಕಥೆಯು ನೂರಾರು ವರ್ಷಗಳಿಂದ ಬೀಳುತ್ತ ಬಂದಿತು. ಈ ಉಪಕಾರವು ಸಾಮಾನ್ಯವಾದುದಲ್ಲ.

ಆದರೆ ಆ ಅಂಗಳದಲ್ಲಿಯೇ ಶಾಲೆಗೆ ಹೋಗುವ ಬಾಲಕನು ಕುಳಿತಿರುವನು. ಅವನು ಪಾಠದಲ್ಲಿ ಅರಸರ ಹೆಸರುಗಳನ್ನೂ ಇಸವಿಗಳನ್ನೂ ಕಲಿತಿರುವನು. ಪುರಾಣವು ಮುಗಿದ ಬಳಿಕ ಅವನು ಅಜ್ಜನ ಕಡೆಗೆ ತಿರುಗಿ, “ಅಜ್ಜಾ, ಇದೆಲ್ಲಾ ಖರೇವಂದ್ರೂ ನಡೆದದ್ದೇನು?” ಎಂದು ಕೇಳುವನು. ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುವುವು. ದೊಡ್ಡವರ ಮಾತಿಗೆ ಎದುರು ಕೇಳಬಾರದೆಂಬುದು ಒಂದು. ಪುರಾಣವೆಲ್ಲವೂ ಕಟ್ಟುಕಥೆಯೆಂಬುದು ಮತ್ತೊಂದು. ಮೊದಲನೆಯ ಉತ್ತರದಿಂದ ಬಾಲಕನ ಬುದ್ಧಿಯು ಮುದುಡುವುದು. ಎರಡನೆಯದರಿಂದ ಅವನ ಶ್ರದ್ಧೆಯು ಒಣಗುವುದು. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಪುರಾಣ ಹೇಳುವ ಮನೆತನದಲ್ಲಿಯೇ ಹುಟ್ಟಿ, ಚರಿತ್ರೆಯನ್ನು ಚರಿತ್ರೆಯಾಗಿಯೂ ಕಲ್ಪನೆಯನ್ನು ಕಲ್ಪನೆಯಾಗಿಯೂ ಬೇರೆಬೇರೆ ಪಾತ್ರೆಗಳಲ್ಲಿ ತುಂಬಿಕೊಟ್ಟ ‘ಕಾವ್ಯಾನಂದ’ ಸಿದ್ಧಯ್ಯ ಪುರಾಣಿಕರ ಗ್ರಂಥಗಳು ಆ ದಾರಿಯನ್ನು ತೋರಿಸುತ್ತವೆ.

ಸಿದ್ಧಯ್ಯ ಪುರಾಣಿಕರು 1918ನೆಯ ಇಸವಿ ಜೂನ್ 18ರಂದು ಯಲಬುರ್ಗಾ ತಾಲೂಕಿನ ದ್ಯಾಂಪುರದಲ್ಲಿ ಜನಿಸಿದರು. ಆ ಗ್ರಾಮವು ಅಂದು ನಿಜಾಮರ ಸಂಸ್ಥಾನದೊಳಗಿನ ರಾಯಚೂರು ಜಿಲ್ಲೆಯಲ್ಲಿದ್ದಿತು. ಈಗ ಕೊಪ್ಪಳ ಜಿಲ್ಲೆಗೆ ಸೇರಿರುವುದು. ತಂದೆಗಳಾದ ಪಂಡಿತ ಕಲ್ಲಿನಾಥಶಾಸ್ತ್ರಿಗಳು ಸ್ವತಃ ಪುರಾಣಗಳನ್ನು ರಚಿಸಿದ ಕವಿಗಳು. ‘ಪುರಾಣಿಕ’ ಎಂಬ ಅಡ್ಡಹೆಸರು ಆ ಮನೆಗೆ ಕಸಬಿನಿಂದಲೇ ಬಂದುದು. ಅವರು ಹುಟ್ಟಿದ ವರ್ಷದಲ್ಲಿಯೇ ಹೈದರಾಬಾದಿನಲ್ಲಿ ಉರ್ದುವನ್ನು ಶಿಕ್ಷಣಮಾಧ್ಯಮವಾಗಿ ಹಿಡಿದ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅಂದಿನ ಹೈದರಾಬಾದ ಸಂಸ್ಥಾನದ ಕನ್ನಡ ಬಾಲಕರಿಗೆ ಮನೆಯ ಮಾತು ಕನ್ನಡ, ಕಚೇರಿಯ ಮಾತು ಉರ್ದು. ಸಿಕಂದರಾಬಾದಿನಿಂದ ವಾಡಿಯವರೆಗಿನ ರೈಲುಮಾರ್ಗವು 1874ರಲ್ಲಿಯೇ ತೆರೆದಿದ್ದಿತು. ಸೇಡಂ, ಚಿತ್ತಾಪುರ ನಿಲ್ದಾಣಗಳು ಆ ಮಾರ್ಗದಲ್ಲಿಯೇ ಇರುವುವು. ಹೆಚ್ಚಿನ ವಿದ್ಯೆಯನ್ನಾಗಲಿ ಸರಕಾರದ ಚಾಕರಿಯನ್ನಾಗಲಿ ಬಯಸಿದವರಿಗೆ ಆ ದಾರಿಯು ಹೈದರಾಬಾದನ್ನೇ ತೋರಿಸುತ್ತಿದ್ದಿತು.

ಪುರಾಣಿಕರೂ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಹೈದರಾಬಾದ ಸಂಸ್ಥಾನದ ಆಡಳಿತಸೇವೆಯನ್ನು ಸೇರಿದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಸೀಮೆಯು ಮೈಸೂರು ರಾಜ್ಯದೊಡನೆ ಒಂದಾಯಿತು. ಅವರು ಭಾರತೀಯ ಆಡಳಿತಸೇವೆಯ ಅಧಿಕಾರಿಯಾಗಿ ಈ ರಾಜ್ಯದಲ್ಲಿ ಹೊಣೆಯ ಹುದ್ದೆಗಳನ್ನು ನಿರ್ವಹಿಸಿದರು. ಹಗಲು ಕಡತಗಳಿಗೂ ಇರುಳು ಕಾವ್ಯಕ್ಕೂ ಮೀಸಲಾದ ಬಾಳು ಅದು. 1987ರಲ್ಲಿ ಕಲಬುರ್ಗಿಯಲ್ಲಿ ನೆರೆದ 58ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದೇ ಪಟ್ಟಣದಲ್ಲಿ 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರೂ 1949ರಲ್ಲಿ ಉತ್ತಂಗಿ ಚನ್ನಪ್ಪನವರೂ ಆ ಪೀಠವನ್ನಲಂಕರಿಸಿದ್ದರು. ನಿಜಾಮರ ಆಳ್ವಿಕೆಯಲ್ಲಿ ಬೆಳೆದ ಸೀಮೆಯ ಮಗನೊಬ್ಬನು ಅಲ್ಲಿಯೇ ಆ ಗೌರವವನ್ನು ಪಡೆದುದು ಆಗ. 1994ರಲ್ಲಿ ಅವರು ಲಿಂಗೈಕ್ಯರಾದರು.

ಅವರ ಕೃತಿಗಳ ಬಗೆಯು ಬಹುವಿಧವಾಗಿರುವುದು. ‘ಜಲಪಾತ’, ‘ಮಾನಸ ಸರೋವರ’, ‘ಕಲ್ಲೋಲಮಾಲೆ’, ‘ಮೊದಲು ಮಾನವನಾಗು’ ಎಂಬುವು ಕವನಸಂಗ್ರಹಗಳು, ‘ವಚನೋದ್ಯಾನ’ವು ಶರಣರ ದಾರಿಯಲ್ಲಿ ಹೊಸಗಾಲದವನು ಬರೆದ ವಚನಗಳ ಗ್ರಂಥ, ‘ತುಪ್ಪ ರೊಟ್ಟಿ ಗೇ ಗೇ’ ಎಂಬುದು ಚಿಕ್ಕಮಕ್ಕಳ ಪದ್ಯಗಳದು, ‘ಮಿರ್ಜಾ ಗಾಲಿಬ್’ ಎಂಬುದು ಉರ್ದುವಿನ ಮಹಾಕವಿಯನ್ನು ಕನ್ನಡಿಗರಿಗೆ ಪರಿಚಯಿಸುವುದು. ಇಷ್ಟೆಲ್ಲದರ ನಡುವೆ ಮಠದ ಭಕ್ತರು ವಿಶೇಷವಾಗಿ ಗಮನಿಸಬೇಕಾದ ಗ್ರಂಥಗಳು ಎರಡು. ಒಂದು, ಶರಣರ ಬಾಳನ್ನು ಗದ್ಯದಲ್ಲಿ ನಿರೂಪಿಸುವ ‘ಶರಣ ಚರಿತಾಮೃತ’. ಇನ್ನೊಂದು, ‘ತ್ರಿಭುವನಮಲ್ಲ’ ಎಂಬ ಐತಿಹಾಸಿಕ ಕಾದಂಬರಿ. ತ್ರಿಭುವನಮಲ್ಲನೆಂಬುದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಬಿರುದು. ಮೊದಲನೆಯದು ಭಕ್ತರ ಕಥೆ, ಎರಡನೆಯದು ಅರಸನ ಕಥೆ. ಇವೆರಡಕ್ಕೂ ಸಂಬಂಧವೇನೆಂದು ತೋರಬಹುದು. ಇಸವಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಸಂಬಂಧವು ತಾನಾಗಿ ಗೋಚರಿಸುವುದು.

ವಿಕ್ರಮಾದಿತ್ಯನು ಪಟ್ಟವೇರಿದುದು 1076ರಲ್ಲಿ. ಐವತ್ತು ವರ್ಷ ಆಳಿ ಮಡಿದುದು 1126ರಲ್ಲಿ. ಅವನು ಶಕವರ್ಷವನ್ನು ಬದಿಗಿರಿಸಿ ತನ್ನ ಹೆಸರಿನಿಂದಲೇ ಚಾಲುಕ್ಯ ವಿಕ್ರಮವರ್ಷವನ್ನು ಆರಂಭಿಸಿದನು. ಅವನ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ರಚಿಸಿ ಸರ್ವಜ್ಞಚಕ್ರವರ್ತಿಯೆನ್ನಿಸಿಕೊಂಡನು. ಆ ಬಳಿಕ ಚಾಲುಕ್ಯರ ಬಲವು ಕುಗ್ಗುತ್ತ ಬಂದು, 1162ರ ಹೊತ್ತಿಗೆ ಕಳಚುರಿ ಬಿಜ್ಜಳನು ಸಿಂಹಾಸನವನ್ನು ವಶಪಡಿಸಿಕೊಂಡಿದ್ದನು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡುದು, ಶರಣಗಣವು ನೆರೆದುದು, 1167ರ ಸುಮಾರಿಗೆ ಕಲ್ಯಾಣದಲ್ಲಿ ರಕ್ತ ಹರಿದುದು, ಇವೆಲ್ಲವೂ ಅದೇ ಪಟ್ಟಣದಲ್ಲಿ. ಚಕ್ರವರ್ತಿಯ ಮರಣಕ್ಕೂ ಕಲ್ಯಾಣದ ಕ್ರಾಂತಿಗೂ ನಡುವಣ ಅಂತರವು ಸುಮಾರು 41 ವರ್ಷ ಮಾತ್ರ. ಬಾಲ್ಯದಲ್ಲಿ ವಿಕ್ರಮನ ಆನೆಕುದುರೆಗಳ ಮೆರವಣಿಗೆಯನ್ನು ಕಂಡವನೊಬ್ಬನು ಮುಪ್ಪಿನಲ್ಲಿ ಸಮಗಾರ ಹರಳಯ್ಯನನ್ನೂ ಮಡಿವಾಳ ಮಾಚಯ್ಯನನ್ನೂ ಅದೇ ಬೀದಿಯಲ್ಲಿ ಕಾಣುವುದು ಅಶಕ್ಯವಾದ ಮಾತಲ್ಲ. ಆದುದರಿಂದ ಪುರಾಣಿಕರ ಕಾದಂಬರಿಯೂ ಚರಿತ್ರಗ್ರಂಥವೂ ಕೂಡಿ ಕಲ್ಯಾಣದ ಒಂದೇ ಶತಮಾನದ ಎರಡು ಮುಖಗಳಾಗಿರುವುವು. ಒಂದರಲ್ಲಿ ಅರಮನೆಯು, ಇನ್ನೊಂದರಲ್ಲಿ ಮಹಾಮನೆಯು. ಅರಮನೆಯ ವೈಭವವನ್ನು ಅರಿಯದವನಿಗೆ, ಬಿಜ್ಜಳನ ಭಂಡಾರಿಯು ಕಾಯಕದವರ ಪಂಕ್ತಿಯಲ್ಲಿ ಕುಳಿತುದರ ಬೆಲೆಯು ಪೂರ್ತಿಯಾಗಿ ತಿಳಿಯದು.

ಇನ್ನು ಎರಡು ಗ್ರಂಥಗಳಿಗೆ ಎರಡು ಬೇರೆ ಪ್ರಕಾರಗಳೇಕೆ ಬೇಕಾದುವು ಎಂಬುದನ್ನು ವಿಚಾರಿಸತಕ್ಕದ್ದು. ವಿಕ್ರಮಾದಿತ್ಯನ ವಿಷಯದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಅವನ ಕಾಲದ ಶಾಸನಗಳು ಕನ್ನಡನಾಡಿನಲ್ಲೆಲ್ಲ ಹೇರಳವಾಗಿ ದೊರೆತಿರುತ್ತವೆ. ಕಾಶ್ಮೀರದಿಂದ ಬಂದ ಬಿಲ್ಹಣಕವಿಯು ಅವನನ್ನೇ ನಾಯಕನನ್ನಾಗಿ ಮಾಡಿ 18 ಸರ್ಗಗಳ ‘ವಿಕ್ರಮಾಂಕದೇವಚರಿತ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಆದರೆ ಬಿಲ್ಹಣನು ಆಸ್ಥಾನಕವಿ. ವಿದ್ಯಾಪತಿಯೆಂಬ ಪದವಿಯನ್ನು ಅರಸನಿಂದ ಪಡೆದವನು. ವಿಕ್ರಮನು ಅಣ್ಣನಾದ ಎರಡನೆಯ ಸೋಮೇಶ್ವರನನ್ನು ಸೆರೆಹಿಡಿದು ಪಟ್ಟವನ್ನು ಕಿತ್ತುಕೊಂಡನಷ್ಟೆ. ಬಿಲ್ಹಣನ ಕಾವ್ಯದಲ್ಲಿ ದೋಷವೆಲ್ಲವೂ ಅಣ್ಣನದು, ತಮ್ಮನು ನಿರ್ದೋಷಿ. ಶಾಸನಗಳಾದರೋ ದಾನ, ವಿಜಯ, ಬಿರುದುಗಳನ್ನು ಹೇಳುವುವು. ಒಡಹುಟ್ಟಿದವರು ಎದುರುಬದುರಾಗಿ ನಿಂತಾಗ ಎದೆಯಲ್ಲಿ ಏನು ಕುದಿಯಿತೆಂಬುದನ್ನು ಯಾವ ಶಿಲೆಯೂ ಹೇಳದು. ಆ ಮೌನವನ್ನು ತುಂಬುವ ಅಧಿಕಾರವು ಕಾದಂಬರಿಕಾರನಿಗುಂಟು. ಅವನು ಮಾತನ್ನು ಕಲ್ಪಿಸಬಹುದು, ರಾತ್ರಿಯ ಆಲೋಚನೆಯನ್ನು ಕಲ್ಪಿಸಬಹುದು, ದಾಸಿಯನ್ನೂ ದೂತನನ್ನೂ ಸೃಷ್ಟಿಸಬಹುದು. ಆದರೆ ಪಟ್ಟವಾದ ವರ್ಷವನ್ನು ಬದಲಿಸಲಾಗದು; ಸೋತವನನ್ನು ಗೆಲ್ಲಿಸಲಾಗದು. ‘ಕಾದಂಬರಿ’ ಎಂದು ಮುಖಪತ್ರದಲ್ಲಿ ಅಚ್ಚಾಗಿರುವುದೇ ವಾಚಕರಿಗೆ ಕೊಟ್ಟ ಪ್ರಾಮಾಣಿಕವಾದ ವಚನ: ಇಲ್ಲಿರುವುದರಲ್ಲಿ ಕಲ್ಪನೆಯ ಪಾಲೂ ಉಂಟು ಎಂದು.

ಶರಣರ ವಿಷಯದಲ್ಲಿ ಸನ್ನಿವೇಶವು ಬೇರೆಯಾಗಿರುವುದು. ಅವರ ಬಾಯಿಯಿಂದ ಹೊರಟ ವಚನಗಳು ದೊರೆತಿರುವುವು. ಅವರ ಎದೆಯೊಳಗಿನದು ವಚನಗಳಲ್ಲಿ ತೆರೆದೇ ಇರುವುದು. ಕಡಿಮೆಯಾಗಿರುವುದು ಹೊರಗಿನ ವೃತ್ತಾಂತ: ಹುಟ್ಟಿದ ದಿನ, ಊರು, ಬಂಧುವರ್ಗ, ಕಲ್ಯಾಣಕ್ಕೆ ಬಂದ ವರ್ಷ. ಇದಕ್ಕಾಗಿ ಹರಿಹರನ ರಗಳೆಗಳನ್ನೂ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನೂ, 1369ರಲ್ಲಿ ಭೀಮಕವಿಯು ಕನ್ನಡಿಸಿದ ಬಸವಪುರಾಣವನ್ನೂ, ಶೂನ್ಯಸಂಪಾದನೆಗಳನ್ನೂ ಆಶ್ರಯಿಸಬೇಕು. ಅಲ್ಲಲ್ಲಿ ಶಾಸನವೂ ನೆರವಿಗೆ ಬರುವುದು. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನದಲ್ಲಿ ಬಸವಣ್ಣನವರ ಹೆಸರು ಕಾಣಿಸಿಕೊಂಡಿರುವುದು. ಹೀಗಿರುವಲ್ಲಿ ಚರಿತ್ರೆಯನ್ನು ಬರೆಯುವವನು ವಚನಕ್ಕೆ ಮೊದಲ ಮನ್ನಣೆ ಕೊಟ್ಟು, ಪುರಾಣದಲ್ಲಿ ಭಕ್ತಿಯ ಅಲಂಕಾರ ಯಾವುದು, ನಡೆದ ಸಂಗತಿಯ ತಿರುಳು ಯಾವುದು ಎಂಬುದನ್ನು ತೂಗಿ ನೋಡಬೇಕಾಗುವುದು. ಶರಣರ ಬಾಯಲ್ಲಿ ಅವರಾಡದ ಮಾತನ್ನು ಹಾಕುವಂತಿಲ್ಲ. ಅವರಾಡಿದ ಮಾತನ್ನು ಕಾಲಕ್ಕೆ ಒಗ್ಗದೆಂದು ಬಿಡುವಂತೆಯೂ ಇಲ್ಲ. ಪುರಾಣವನ್ನು ಬಾಲ್ಯದಿಂದ ಕೇಳಿ ಬೆಳೆದ ಲೇಖಕನು ಪುರಾಣದ ಛಂದಸ್ಸನ್ನು ಬಿಟ್ಟು ಗದ್ಯಕ್ಕೆ ಬಂದುದೇ ಇಲ್ಲಿ ಅರ್ಥವತ್ತಾಗಿರುವುದು. ತಂದೆಯು ಪದ್ಯದಲ್ಲಿ ಹೇಳಿದ ಬಗೆಯ ಕಥೆಯನ್ನು ಮಗನು ಗದ್ಯದಲ್ಲಿ ಹೇಳಿದನು. ಕೇಳುವವರಿಗೆ ರಸವನ್ನೂ ಓದುವವರಿಗೆ ತಿಳಿವನ್ನೂ ಒಂದೇ ಮನೆತನವು ನೀಡಿತು.

ಈ ಗದ್ಯಮಾರ್ಗಕ್ಕೆ ನೆಲವನ್ನು ಹದಮಾಡಿದವರನ್ನೂ ಇಲ್ಲಿ ಸ್ಮರಿಸಬೇಕು. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸದೆ ಇದ್ದರೆ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಯಿಸದೆ ಇದ್ದರೆ, ಶರಣರ ಚರಿತ್ರೆಯನ್ನು ಬರೆಯಹೊರಟವನ ಕೈಗೆ ಆಧಾರಗಳೇ ಸಿಕ್ಕುತ್ತಿರಲಿಲ್ಲ. ಒಬ್ಬನು ಓಲೆಯನ್ನು ಉಳಿಸುವನು, ಇನ್ನೊಬ್ಬನು ಅದನ್ನು ಶೋಧಿಸುವನು, ಮತ್ತೊಬ್ಬನು ಜನರಿಗೆ ತಿಳಿಯುವಂತೆ ನಿರೂಪಿಸುವನು. ಈ ಸರಪಳಿಯಲ್ಲಿ ಯಾವ ಕೊಂಡಿಯು ಕಳಚಿದರೂ ಕಥನವು ನಿಂತುಹೋಗುವುದು.

ಪುರಾಣಿಕರ ಗಾಲಿಬನನ್ನೂ ಈ ದೃಷ್ಟಿಯಿಂದ ನೋಡಿದರೆ ಒಂದು ವಿಶೇಷವು ತೋರುವುದು. ಗಾಲಿಬನು 1797ರಲ್ಲಿ ಹುಟ್ಟಿ 1869ರಲ್ಲಿ ತೀರಿಕೊಂಡವನು. ಅವನು ಮಿತ್ರರಿಗೆ ಬರೆದ ಪತ್ರಗಳು ಉಳಿದಿರುವುವು. 1857ರ ದಿಲ್ಲಿಯ ಕೋಲಾಹಲದ ಬಗ್ಗೆ ಅವನೇ ಬರೆದಿಟ್ಟ ದಿನಚರಿಯೂ ಇರುವುದು. ಅವನ ಬಾಳನ್ನು ಬರೆಯುವವನಿಗೆ ಕಾಗದಪತ್ರಗಳ ಬಲವುಂಟು. ಚಕ್ರವರ್ತಿಗೆ ಶಿಲೆಗಳುಂಟು, ಉರ್ದುಕವಿಗೆ ಪತ್ರಗಳುಂಟು, ಶರಣರಿಗೆ ವಚನಗಳುಂಟು. ಒಬ್ಬನೇ ಲೇಖಕನು ಮೂರು ಬಗೆಯ ಸಾಕ್ಷ್ಯಗಳಿಗೆ ಮೂರು ಬಗೆಯ ಗ್ರಂಥಗಳನ್ನು ಬರೆದನು. ಇಷ್ಟೇ ಅಲ್ಲ, ವೀರಶೈವ ಪುರಾಣಿಕರ ಮನೆಯ ಮಗನು ಗಾಲಿಬನ ಬಾಳನ್ನು ಆದರದಿಂದ ಕನ್ನಡಕ್ಕೆ ತಂದುದು ಈ ಸೀಮೆಯ ಗುಣಕ್ಕೆ ತಕ್ಕುದಾಗಿರುವುದು. ಚಿಂಚೋಳಿಯ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ನುಡಿಗಳು ಒಂದೇ ಗಳಿಗೆಯಲ್ಲಿ ಕಿವಿಗೆ ಬೀಳುವುವು. ಇಂಥಲ್ಲಿ ಬೆಳೆದವರಿಗೆ ಪರಭಾಷೆಯ ಕವಿಯು ಪರಕೀಯನಾಗಿ ತೋರುವುದಿಲ್ಲ.

ಇಷ್ಟು ಹೇಳಿದ ಮೇಲೆ ಈ ಗ್ರಂಥಗಳ ಬೇರುಗಳು ಇದೇ ಮಣ್ಣಿನಲ್ಲಿರುವುದನ್ನು ತೋರಿಸದಿದ್ದರೆ ಮಾತು ಅಪೂರ್ಣವಾಗುವುದು. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ವಿಕ್ರಮಾದಿತ್ಯನ ತಂದೆಯಾದ ಮೊದಲನೆಯ ಸೋಮೇಶ್ವರನ ಕಾಲದ 1058ರ ಶಾಸನವುಂಟು. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದವನ್ನೋದುವ 200 ಮಂದಿ ವಿದ್ಯಾರ್ಥಿಗಳಿದ್ದರೆಂದೂ, ಗ್ರಂಥಭಂಡಾರವನ್ನು ಕಾಯಲು ಆರು ಮಂದಿ ಸರಸ್ವತೀಭಂಡಾರಿಗರಿದ್ದರೆಂದೂ ಅದರಿಂದ ತಿಳಿಯುವುದು. ಒಂಬೈನೂರು ವರ್ಷಗಳಿಗೂ ಹಿಂದೆ ಚಿತ್ತಾಪುರದ ಮಗ್ಗುಲಲ್ಲಿ ಪುಸ್ತಕಗಳನ್ನು ಕಾಯುವುದೇ ಉದ್ಯೋಗವಾಗಿದ್ದ ಆರು ಜನರಿದ್ದರೆಂಬುದು ಎಷ್ಟು ಹೆಮ್ಮೆಯ ಮಾತು! ಶಹಾಬಾದಿಗೆ ಸಮೀಪದ ಮರತೂರನ್ನು ವಿಜ್ಞಾನೇಶ್ವರನ ಊರೆಂದು ಜನರು ನಂಬಿರುವರು. ವಿಕ್ರಮಾದಿತ್ಯನ ಕಾಲದಲ್ಲಿ ಅವನು ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನವು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ವಿಚಾರದಲ್ಲಿ ಶತಮಾನಗಳವರೆಗೆ ಪ್ರಮಾಣವಾಗಿದ್ದಿತು; ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣಪಟ್ಟಣವನ್ನೂ ವಿಕ್ರಮನನ್ನೂ ಹೊಗಳಿರುವನು. ಆ ಕಲ್ಯಾಣವಾದರೋ ಚಿಂಚೋಳಿಗೆ ವಾಯವ್ಯದಲ್ಲಿ, ಬೀದರ ಜಿಲ್ಲೆಯಲ್ಲಿರುವುದು. ತ್ರಿಭುವನಮಲ್ಲನ ಕಥೆಯನ್ನೋದುವ ಈ ಸೀಮೆಯ ವಾಚಕನು ತನ್ನ ಹೊಲದ ಬದುವಿನ ಕಥೆಯನ್ನೇ ಓದುತ್ತಿರುವನು.

ಆದರೆ ಹೆಮ್ಮೆಯ ಜತೆಗೆ ಕಳವಳಕ್ಕೂ ಕಾರಣವುಂಟು. ಭೀಮಾತೀರದ ಸನ್ನತಿಯ ವೃತ್ತಾಂತವು ಇದಕ್ಕೆ ಸಾಕ್ಷಿ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದೊಳಗಿನ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಆ ತರುವಾಯದ ಕೆಲಸದಲ್ಲಿ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಧರ್ಮಲಿಪಿಯಿರುವುದು 1989ರಲ್ಲಿ ಬೆಳಕಿಗೆ ಬಂದಿತು. ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಬರಹವು ಪೂಜೆಗೊಳ್ಳುವ ಮೂರ್ತಿಯ ಕೆಳಗೆ ಯಾರಿಗೂ ತಿಳಿಯದಂತೆ ಉಳಿದಿದ್ದಿತು. ಅದು ಪೀಠವಾದುದರಿಂದ ಉಳಿಯಿತು. ಹೊಲದ ಬದುವಿಗೆ ಇಟ್ಟ ಕಲ್ಲು, ಬಟ್ಟೆ ಒಗೆಯಲು ಹಾಕಿದ ಕಲ್ಲು, ಗೋಡೆಗೆ ಸೇರಿಸಿ ಸುಣ್ಣ ಬಳಿದ ಕಲ್ಲು ಉಳಿಯುವ ಭರವಸೆಯೇನು? ಈ ನಾಡಿನಲ್ಲಿ ಕಲ್ಲಿಗೆ ಬರವಿಲ್ಲವೆಂಬುದೇ ಕಲ್ಲಿನ ಬೆಲೆಯನ್ನು ತಗ್ಗಿಸಿರುವುದು. ಶಹಾಬಾದಿನ ಪರಸಿಯನ್ನು ಹಾಸದ ಮನೆಯಾಗಲಿ ಮಠವಾಗಲಿ ಇಲ್ಲಿ ವಿರಳ. ಪದರಪದರವಾಗಿ ಎಬ್ಬಿಸಿ ತೆಗೆದ ಆ ಬಂಡೆಗಳ ಮೇಲೆ ದಿನವೂ ಕಾಲಿಡುವ ಜನರಿಗೆ ಅಕ್ಷರವಿರುವ ಕಲ್ಲೂ ಮತ್ತೊಂದು ಕಲ್ಲಾಗಿಯೇ ಕಂಡರೆ ಆಶ್ಚರ್ಯವೇನು? ಮಠಗಳ ಅಟ್ಟಗಳ ಮೇಲೆ ಕೆಂಪುವಸ್ತ್ರದಲ್ಲಿ ಕಟ್ಟಿಟ್ಟ ಓಲೆಗಳ ಗತಿಯೂ ಹಾಗೆಯೇ. ಪೂಜೆಯ ದಿನ ವಿಭೂತಿ ಹಚ್ಚಿ ಹೂವೇರಿಸಿ ಮತ್ತೆ ಅಟ್ಟಕ್ಕೇರಿಸಿದರೆ ಗೆದ್ದಲಿಗೆ ಭಕ್ತಿಯ ಭೇದವು ತಿಳಿಯದು.

ಆದುದರಿಂದ ಮಠದ ಉತ್ಸವದ ಈ ಸಂದರ್ಭದಲ್ಲಿ ಭಕ್ತರೂ ಶಿಷ್ಯರೂ ಮಾಡಬಹುದಾದ ಕಾರ್ಯಗಳು ಕೆಲವಿರುವುವು. ಶ್ರಾವಣದ ಪುರಾಣವು ಎಂದಿನಂತೆ ನಡೆಯಲಿ. ಅದರೊಡನೆ ವಾರಕ್ಕೊಂದು ಸಂಜೆ ‘ಶರಣ ಚರಿತಾಮೃತ’ದ ಒಂದು ಭಾಗವನ್ನು ಓದಿ, ಯಾವ ಸಂಗತಿಗೆ ಏನು ಆಧಾರವೆಂಬುದನ್ನು ಬಲ್ಲವರಿಂದ ಹೇಳಿಸಲಿ. ಓದುವ ಹುಡುಗ ಹುಡುಗಿಯರ ಕೈಗೆ ‘ತ್ರಿಭುವನಮಲ್ಲ’ವನ್ನು ಕೊಟ್ಟು, ಕಥೆಯು ಎಲ್ಲಿ ಶಾಸನವನ್ನು ಅನುಸರಿಸಿತು, ಎಲ್ಲಿ ಕಲ್ಪನೆಯ ರೆಕ್ಕೆ ಕಟ್ಟಿತು ಎಂದು ಅವರಿಂದಲೇ ಹುಡುಕಿಸಲಿ. ಊರಿನಲ್ಲಿ ಅಕ್ಷರವುಳ್ಳ ಕಲ್ಲು ಕಂಡರೆ ಅದನ್ನು ಕದಲಿಸದೆ, ಬಣ್ಣ ಬಳಿಯದೆ, ಬಲ್ಲವರಿಗೆ ತಿಳಿಸಲಿ. ಓಲೆಕಟ್ಟುಗಳನ್ನು ಬಿಸಿಲುಗಾಳಿಗೆ ತಗಲಿಸಿ, ಪ್ರತಿಯೆತ್ತಿಸಿ, ಛಾಯಾಚಿತ್ರ ತೆಗೆಯಿಸಿ ಇಡುವ ಏರ್ಪಾಡಾಗಲಿ. ನಾಗಾವಿಯ ಆರು ಮಂದಿ ಸರಸ್ವತೀಭಂಡಾರಿಗರ ಉದ್ಯೋಗವು ತೆರವಾಗಿ ಬಹುಕಾಲವಾಯಿತು. ಊರಿಗೊಬ್ಬರು ಮುಂದೆ ಬಂದರೂ ಆ ಸ್ಥಾನವು ತುಂಬುವುದು.

ಇಂತಹ ಏರ್ಪಾಡುಗಳಿದ್ದಲ್ಲಿ ಬಾಲಕನ ಪ್ರಶ್ನೆಗೆ ಉತ್ತರವು ಸುಲಭವಾಗುವುದು. ಅಜ್ಜನು ಅವನ ಕೈಹಿಡಿದು, “ಇಷ್ಟು ಕಲ್ಲಿನ ಮ್ಯಾಲ ಅದ, ನೀನೇ ಓದು, ಇಷ್ಟು ಶರಣರ ಮಾತು, ನೀನೇ ಕೇಳು, ಉಳಿದದ್ದು ಕವಿಗಳು ಕಟ್ಟಿದ್ದು, ಅದರ ಚೆಲುವು ನೋಡು” ಎಂದು ಹೇಳಬಹುದು. ಪುರಾಣಿಕರು ಒಂದು ಜೀವಮಾನದಲ್ಲಿ ಬರೆದ ಬಗೆಬಗೆಯ ಗ್ರಂಥಗಳು ಈ ವಿವೇಕವನ್ನೇ ಕಲಿಸುತ್ತವೆ. ಸತ್ಯವನ್ನು ಶೋಧಿಸುವುದರಿಂದ ಭಕ್ತಿಗೆ ಕುಂದು ಬಾರದು. ಅನುಭಾವಿಗಳಾದ ಶರಣರು ಕಣ್ಣುಮುಚ್ಚಿ ನಂಬಿರೆಂದು ಯಾರಿಗೂ ಹೇಳಿದವರಲ್ಲ. ಶೋಧನೆಗೂ ಶ್ರದ್ಧೆಗೂ ಈ ಮಠದ ಅಂಗಳದಲ್ಲಿ ಸಮಾನವಾದ ಆಸನವು ಸದಾ ದೊರೆಯುತ್ತಿರಲಿ.